ಜಾನಕಮ್ಮನ ಅಮೆರಿಕನ್ ಅಡುಗೆ

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ನಾನು ಬಿಟ್ಟೆ.

"ಈ ಊರಿನಲ್ಲಿ ಅಮೆರಿಕನ್ ಊಟ ಎಲ್ಲಿ ಸಿಗುತ್ತೆ?" ಎಂದು ಸೂಸನ್ ಕೇಳಿದಳು. ನಾನು ಎದೆಯುಬ್ಬಿಸಿ, "ಮುಳಬಾಗಿಲಲ್ಲಿ ಸಿಗದೇ ಇರೋದು ಏನಿದೆ? ನಾಳೆ ನೋಡ್ತಾ ಇರು" ಎಂದುಬಿಟ್ಟೆ.

ನನ್ನನ್ನು ಬಲ್ಲ ಓದುಗರಿಗೆ ಇದು ಹೊಸದಲ್ಲ. ನಮ್ಮೂರಿನ ವಿಷಯ ಬಂದರೆ ನನ್ನ ನಾಲಿಗೆಗೆ ಬ್ರೇಕ್ ಇಲ್ಲ. ವಿಜಯನಗರದವರ ಕಾಲದಲ್ಲಿ ಮೂಡಲ ದಿಕ್ಕಿನ ಬಾಗಿಲು ನಮ್ಮೂರು. ಮಗ್ಗುಲಲ್ಲಿ ಆವಣಿ, ಆ ಕಡೆ ಕುರುಡುಮಲೆ. ನೋಡುವುದಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಬಂದವರು ದೋಸೆ ತಿಂದು, ಕೈ ತೊಳೆದು, ಇನ್ನೊಂದು ದೋಸೆ ಹೇಳುತ್ತಾರೆ. ಆದರೆ ಅಮೆರಿಕನ್ ಊಟ? ಹೈವೇಯಲ್ಲಿ ತಿರುಪತಿ ಬಸ್ಸು ನಿಲ್ಲುವ ಊರಿನಲ್ಲಿ ಅದನ್ನು ಯಾರು ಮಾಡಿಟ್ಟಿರುತ್ತಾರೆ?

ಸೂಸನ್ ಯಾರು ಅಂತ ಹೇಳಲೇ ಇಲ್ಲ ಅಲ್ಲವೇ? ಆವಣಿಯ ದೇವಸ್ಥಾನಗಳ ಶಾಸನ ಓದಲು ಅಮೆರಿಕದಿಂದ ಬಂದ ಹುಡುಗಿ. ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಗೆಳೆಯ, "ಎರಡು ತಿಂಗಳು ನಿಮ್ಮ ಮಹಡಿ ರೂಮಲ್ಲಿ ಇಟ್ಕೋ ಮಾರಾಯ" ಎಂದು ಕಳಿಸಿದ್ದ. ಸಾವಿರ ವರ್ಷದ ಹಳಗನ್ನಡವನ್ನು ಕಲ್ಲಿನ ಮೇಲೆ ಬೆರಳಾಡಿಸಿ ಓದುತ್ತಿದ್ದಳು. ಆದರೆ "ಸಾರು ಖಾರ ಆಯ್ತು" ಅನ್ನುವುದಕ್ಕೆ ಅವಳ ಹತ್ತಿರ ಕನ್ನಡ ಇರಲಿಲ್ಲ. (ಶಾಸನದಲ್ಲಿ ಯಾರೂ ಸಾರಿನ ಬಗ್ಗೆ ದೂರು ಕೆತ್ತಿಸುವುದಿಲ್ಲ, ನೋಡಿ.)

ಮೊದಲ ನಾಲ್ಕು ದಿನ ಉಂಡಳು. ಐದನೆಯ ದಿನ ಹೊಟ್ಟೆ ಕೆಟ್ಟಿತು. ಡಾಕ್ಟರು ಮಾತ್ರೆ ಕೊಟ್ಟರು, ಹೊಟ್ಟೆ ಸರಿಯಾಯಿತು, ಆದರೆ ಆಮೇಲೆ ಅನ್ನವೇ ಇಳಿಯಲಿಲ್ಲ. ಬಾಳೆಹಣ್ಣು, ಬಿಸ್ಕತ್ತು, ಟೀ. ಎರಡು ವಾರದಲ್ಲಿ ಕೆನ್ನೆ ಒಳಕ್ಕೆ ಹೋಯಿತು. ಎಸ್‌ಟಿಡಿ ಬೂತಿನಿಂದ ಅಮೆರಿಕದ ತನ್ನ ಪ್ರೊಫೆಸರಿಗೆ ಫೋನು ಮಾಡಿ ಬಂದವಳು, "ಭಾನುವಾರದೊಳಗೆ ಸರಿಹೋಗದಿದ್ದರೆ ವಾಪಸ್ ಬಾ ಅಂತಿದ್ದಾರೆ" ಎಂದಳು. ಅರ್ಧ ಶಾಸನ ಬಾಕಿ ಇತ್ತು.

ಅವಳಿಗಿಂತ ಹೆಚ್ಚು ಸೊರಗಿದ್ದು ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ಜಾನಕಮ್ಮ. ನಮ್ಮ ಜೊತೆಗೇ ಇದ್ದಾರೆ. ಮುಳಬಾಗಿಲಿನ ಬ್ರಾಹ್ಮಣರ ಮನೆಗಳಲ್ಲಿ ತಿಥಿ ಬಂತೆಂದರೆ ಮೊದಲು ಪುರೋಹಿತರಿಗೆ ಹೇಳುತ್ತಾರೆ, ಎರಡನೆಯದಾಗಿ ನಮ್ಮ ಚಿಕ್ಕಮ್ಮನಿಗೆ. ಕೆಲವರು ಉಲ್ಟಾ. ತಿಥಿ ಅಡುಗೆ ಅಂದರೆ ಹುಡುಗಾಟವಲ್ಲ. ಒಂದು ಪದಾರ್ಥ ತಪ್ಪಿದರೆ ಹಿರಿಯರು ಉಣ್ಣದೆ ಹೋದರು ಎಂಬ ಕೊರಗು ಆ ಮನೆಗೆ ಜನ್ಮವಿಡೀ ಉಳಿಯುತ್ತದೆ. ಚಿಕ್ಕಮ್ಮನ ಕೈ ತಪ್ಪುವುದಿಲ್ಲ ಎಂಬ ಹೆಸರೊಂದೇ ಅವರ ಆಸ್ತಿ. ಇಂಥವರ ಕಣ್ಣೆದುರಿಗೇ ಒಂದು ಹುಡುಗಿ ತಟ್ಟೆ ಸರಿಸಿ ಏಳುತ್ತಿದ್ದಳು.

"ನಮ್ಮನೇಲಿ ಅನ್ನ ಇಳೀದೆ ಒಂದು ಹೆಣ್ಮಗು ಎದ್ದು ಹೋದ್ರೆ ನಾನು ಇನ್ಯಾರ ಮನೇಲಿ ಸೌಟು ಹಿಡೀಲೋ?" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಹೀಗಾಗಿ ಅಮೆರಿಕನ್ ಊಟ ತರುತ್ತೇನೆ ಎಂದಿದ್ದು ಬರೀ ಜಂಬವಲ್ಲ, ಸ್ವಲ್ಪ ಸಂಕಟವೂ ಇತ್ತು.

ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ಲಿಗೆ ಹೋದೆ. ಮಾಲೀಕ ನನ್ನನ್ನು ಕರುಣೆಯಿಂದ ನೋಡಿದ. "ಅಮೆರಿಕಾ ಊಟನಾ? ಎಂದುಕು ಸಾರ್? ಒಂದು ತುಪ್ಪದ ದೋಸೆ ತಿನ್ಸಿ, ಅಂತಾ ಸರಿಪೋತುಂದಿ" ಎಂದು, ಎಲ್ಲ ಸರಿಹೋಗುತ್ತದೆ ಅಂತ ಅರ್ಧ ತೆಲುಗಿನಲ್ಲೇ ಸಮಾಧಾನ ಹೇಳಿದ. ಮಾರನೆಯ ದಿನ ಕೋಲಾರಕ್ಕೆ ಹೋದೆ. ಅಲ್ಲೊಂದು ಬೇಕರಿಯಲ್ಲಿ "ಬರ್ಗರ್" ಎಂದು ಬೋರ್ಡು ಹಾಕಿದ್ದರು. ಆಹಾ, ನಮ್ಮ ಜಿಲ್ಲೆಯೇ ಎಂದುಕೊಂಡೆ. ಬಿಚ್ಚಿ ನೋಡಿದರೆ ಬನ್ನಿನ ಹೊಟ್ಟೆಯೊಳಗೆ ಮಸಾಲೆ ದೋಸೆಯ ಪಲ್ಯ, ಸಾಸಿವೆ ಕರಿಬೇವಿನ ಸಮೇತ. ಕೊನೆಗೆ ನಾನು ಬರೆಯುವ ಪತ್ರಿಕೆಯ ಕಚೇರಿಗೆಂದು ಬೆಂಗಳೂರಿಗೆ ಹೋದವನು ಒಂದು ಪಿಜ್ಜಾ ಕಟ್ಟಿಸಿಕೊಂಡು ಬಂದೆ. ಬಸ್ಸಿನಲ್ಲಿ ಎರಡೂವರೆ ಗಂಟೆ ತೊಡೆಯ ಮೇಲೆ ಪೂಜೆ ತಟ್ಟೆಯ ಹಾಗೆ ಹಿಡಿದುಕೊಂಡು ಕೂತಿದ್ದೆ. ಮನೆ ಸೇರುವಷ್ಟರಲ್ಲಿ ಅದು ಚಪ್ಪಲಿಯಷ್ಟು ಗಟ್ಟಿಯಾಗಿತ್ತು.

ಸೂಸನ್ ಒಂದು ತುಂಡು ತಿಂದಳು, ಮರ್ಯಾದೆಗೆ. ಆಮೇಲೆ ಮೆಲ್ಲಗೆ, "ಇದು ನಮ್ಮದಲ್ಲ, ಇಟಲಿಯವರದು" ಎಂದಳು.

ಸುಸ್ತಾಗುವುದು ಅಂದರೆ ಇದು!

ಇಷ್ಟು ಹೊತ್ತೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಮ್ಮ ಬಾಯಿ ತೆರೆದರು. "ನಿನ್ನ ಪಿಜ್ಜಾ ಗಿಜ್ಜಾ ಅತ್ಲಾಗ್ ಬಿಸಾಕೋ. ಹೋಟ್ಲು ಊಟ ಯಾರಿಗೆ ಬೇಕಿತ್ತು? ಅವರಮ್ಮ ಮನೇಲಿ ಏನು ಮಾಡಿ ಬಡಿಸ್ತಿದ್ರು ಅಂತ ಕೇಳು."

ಎರಡು ವಾರದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಿಮಗೆ ಹೊಳೆಯುತ್ತಿತ್ತೇ? ನಿಜ ಹೇಳಿ.

ಕೇಳಿದೆ. ಸೂಸನ್ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು, ನಾನು ಕನ್ನಡಕ್ಕೆ ತರುತ್ತಾ ಹೋದೆ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ. ಸುಟ್ಟ ಮುಸುಕಿನ ಜೋಳ. ಹುರುಳಿಕಾಯಿ. ಟೊಮ್ಯಾಟೊ ಸೂಪು. ಬ್ರೆಡ್ಡಿನ ಮೇಲೆ ಕಡಲೆಕಾಯಿ ಅರೆದು ಬಳಿದದ್ದು.

ಚಿಕ್ಕಮ್ಮ ಒಂದೊಂದಕ್ಕೂ ಬೆರಳು ಮಡಚುತ್ತಿದ್ದರು. ಐದನೆಯ ಬೆರಳಿಗೆ ಬರುವಷ್ಟರಲ್ಲಿ ಗೊಳ್ಳೆಂದು ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು.

"ಲೋ, ಇದೆಲ್ಲಾ ತಿಥಿಗೆ ಬರದೇ ಇರೋ ಪದಾರ್ಥ ಕಣೋ!"

ನೋಡಿ, ತಿಥಿಯ ದಿನ ನಮ್ಮಲ್ಲಿ ಆಲೂಗಡ್ಡೆ ಇಲ್ಲ. ಟೊಮ್ಯಾಟೊ ಇಲ್ಲ. ಹುರುಳಿಕಾಯಿ, ಮುಸುಕಿನ ಜೋಳ, ಕಡಲೆಕಾಯಿ ಇಲ್ಲ. ಮೆಣಸಿನಕಾಯಿ ಕೂಡ ಇಲ್ಲ, ಕರಿಮೆಣಸೇ ಗತಿ. ಎಲ್ಲ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದದ್ದು, ನಮ್ಮ ಹಿರಿಯರು ಕಂಡರಿಯದ್ದು, ಆದ್ದರಿಂದ ಅವರ ಎಲೆಗೆ ಬೇಡ ಎಂಬ ಲೆಕ್ಕ. (ಕೋಸು, ಕ್ಯಾರೆಟ್ಟೂ ಇಲ್ಲ. ಅವು ಬೇರೆ ಫಾರಿನ್ನು.) ಯಾವುದು ಎಲ್ಲಿಂದ ಬಂತು ಎಂದು ಯೂನಿವರ್ಸಿಟಿಯವರು ಪುಸ್ತಕ ಬರೆಯುತ್ತಾರೆ. ಹಡಗು ಕಾಣದ, ಭೂಪಟ ಬಿಡಿಸದ ನಮ್ಮ ಮುಳಬಾಗಿಲಿನ ಅಜ್ಜಿಯರು ಅದನ್ನು ಬಾಯಿಪಾಠದಲ್ಲಿ ಇಟ್ಟುಕೊಂಡಿದ್ದಾರೆ!

ಇನ್ನು ಸಾಮಾನಿಗೆ ಬರವೇ? ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಗುಡ್ಡದ ಹಾಗೆ ಬಿದ್ದಿರುತ್ತದೆ. ಮಾಲೂರು ಕಡೆಯಿಂದ ಆಲೂಗಡ್ಡೆ ಮೂಟೆ ಮೂಟೆ ಬರುತ್ತದೆ. ಕಡಲೆಕಾಯಿಗೆ ನಾನು ಬೆಂಗಳೂರಿಗೆ ಹೋಗಬೇಕಿತ್ತೇ? ಜಿಲ್ಲೆಗೆ ಜಿಲ್ಲೆಯೇ ಅಮೆರಿಕದ ಬೆಳೆ ಬೆಳೆದು ಗುಡ್ಡೆ ಹಾಕಿದೆ, ಮೆರೆಯಲು ಹೋದ ನಾನು ತೊಡೆಯ ಮೇಲೆ ಚಪ್ಪಲಿ ಇಟ್ಟುಕೊಂಡು ಬಂದೆ.

ಅವತ್ತು ಸಂಜೆ ಚಿಕ್ಕಮ್ಮ ಕಡಲೆಕಾಯಿ ಹುರಿದು, ಸಿಪ್ಪೆ ಊದಿ, ಚೂರು ಬೆಲ್ಲ ಹಾಕಿ ಒರಳಿನಲ್ಲಿ ಎಣ್ಣೆ ಬಿಡುವ ತನಕ ರುಬ್ಬಿದರು. ಕೆಂಡದ ಮೇಲೆ ಜೋಳ ಸುಟ್ಟರು. ಆಲೂಗಡ್ಡೆ ಹಿಸುಕಿ, ಮನೆಯ ಬೆಣ್ಣೆಯನ್ನು ನಿಂಬೆಗಾತ್ರ ಹಾಕಿದರು. ಒಗ್ಗರಣೆಗೆ ಕೈ ಹೋಗಿತ್ತು, ಪಾಪ, ಕಷ್ಟಪಟ್ಟು ತಡೆದುಕೊಂಡರು.

ಸೂಸನ್ ಒಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ತುತ್ತು. ತಟ್ಟೆ ಖಾಲಿಯಾಯಿತು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿ, ನಾವು ಕಲಿಸದೇ ಇದ್ದರೂ, "ಇನ್ನಷ್ಟು" ಎಂದಳು. ಚಿಕ್ಕಮ್ಮನ ಮುಖ ನೋಡಬೇಕಿತ್ತು! ಭಾನುವಾರ ಬಂತು, ಹೋಯಿತು. ಸೂಸನ್ ಆವಣಿಯ ಬಸ್ಸು ಹತ್ತುತ್ತಲೇ ಇದ್ದಳು, ಕೈಯಲ್ಲಿ ಚಿಕ್ಕಮ್ಮ ಕಟ್ಟಿದ ಡಬ್ಬಿ.

ಇಲ್ಲಿಗೆ ಕಥೆ ಮುಗಿಸಿದ್ದರೆ ಸುಖವಾಗಿತ್ತು.

ಹೊರಡುವುದಕ್ಕೆ ಎರಡು ವಾರ ಇರುವಾಗ ಸೂಸನ್ ಮತ್ತೆ ಮಂಕಾದಳು. ಯಾಕೆ ಎಂದು ಕೇಳಿದೆ. ಮುಂದಿನ ವಾರಕ್ಕೆ ಅವಳ ಅಪ್ಪ ತೀರಿಕೊಂಡು ಒಂದು ವರ್ಷವಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಚಿಕ್ಕಮ್ಮ ಕೈಲಿದ್ದ ಮೊರ ಕೆಳಗಿಟ್ಟರು.

"ಅಯ್ಯೋ ನನ್ನಮ್ಮ, ಮೊದಲನೇ ವರ್ಷದ್ದಾ? ಹೇಳಲೇ ಇಲ್ವಲ್ಲೇ! ಆವತ್ತು ನಿಮ್ಮಲ್ಲಿ ಏನು ಮಾಡ್ತೀರಾ?"

"ಏನೂ ಇಲ್ಲ. ಅಮ್ಮ ಫೋನ್ ಮಾಡ್ತಾಳೆ. ಇಬ್ಬರೂ ಅಳ್ತೀವಿ."

"ಅಷ್ಟೇನಾ? ಊಟ?"

ಊಟ ಇಲ್ಲ ಎಂದಳು. ಅದನ್ನು ಚಿಕ್ಕಮ್ಮನಿಗೆ ಸಹಿಸಲು ಆಗಲಿಲ್ಲ. ಸತ್ತ ದಿನ ಒಬ್ಬ ಅಪ್ಪನಿಗೆ ಒಂದು ಎಲೆ ಇಲ್ಲವೇ? "ನಾನು ಮಾಡ್ತೀನಿ ಬಿಡು. ಮಂತ್ರ ಗಿಂತ್ರ ಏನೂ ಬೇಡ. ಒಂದು ಎಲೆ ಹಾಕೋಣ" ಎಂದರು. ನನ್ನನ್ನು ಪಕ್ಕದ ಬೀದಿಯ ಪುರೋಹಿತ ರಾಮಶೇಷಯ್ಯನವರ ಹತ್ತಿರ ಅಟ್ಟಿದರು, ಇಂಗ್ಲಿಷ್ ತಾರೀಖಿಗೆ ತಿಥಿ ನೋಡಿಸಿಕೊಂಡು ಬಾ ಎಂದು. ರಾಮಶೇಷಯ್ಯ ಹಳೆಯ ಪಂಚಾಂಗ ತೆಗೆದು, "ಅಲ್ಲೀ ಹೊತ್ತೋ, ಇಲ್ಲೀ ಹೊತ್ತೋ?" ಎಂದು ತಲೆ ಕೆರೆದುಕೊಂಡು ದಶಮಿ ಎಂದರು. ಏನು ವಿಷಯ ಎಂದು ತಿಳಿಯಲು ಸಂಜೆ ಮನೆಗೇ ಬಂದರು.

ಅವರು ಬಂದಾಗ ಚಿಕ್ಕಮ್ಮ ಕೊನೆಯ ಪ್ರಶ್ನೆ ಕೇಳುತ್ತಿದ್ದರು. ತಿಥಿ ಅಡುಗೆ ಒಪ್ಪಿಕೊಂಡ ಎಲ್ಲ ಮನೆಯಲ್ಲೂ ಅವರು ಕೇಳುವ ಪ್ರಶ್ನೆ ಅದು. "ಅವರಿಗೆ ಏನು ಇಷ್ಟ ಇತ್ತು?" ಹೋದವರಿಗೆ ಪ್ರಿಯವಾದದ್ದು ಒಂದಾದರೂ ಎಲೆಯ ಮೇಲೆ ಇರಬೇಕು.

"ಆಲೂಗಡ್ಡೆ" ಎಂದಳು ಸೂಸನ್. "ಪ್ರತಿ ಭಾನುವಾರ ಅಪ್ಪನೇ ಹಿಸುಕುತ್ತಿದ್ದ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ."

ರಾಮಶೇಷಯ್ಯನವರೇ ಮೊದಲು ಸುಧಾರಿಸಿಕೊಂಡರು.

"ತಿಥಿಗೆ ಆಲೂಗಡ್ಡೆನಾ? ಜಾನಕಮ್ಮ, ನಿಮ್ಮ ಕೈಯಲ್ಲಾ? ಊರಲ್ಲಿ ಗೊತ್ತಾದ್ರೆ ಯಾರು ಕರೀತಾರೆ ನಿಮ್ಮನ್ನ?"

ಅವರು ಹೆದರಿಸುತ್ತಿರಲಿಲ್ಲ. ಇದ್ದದ್ದನ್ನೇ ಹೇಳುತ್ತಿದ್ದರು. ನನಗೂ ಭಯವಾಯಿತು. "ಚಿಕ್ಕಮ್ಮ, ಬಾಳೆಕಾಯಿ ಹಿಸುಕಿದ್ರೆ ಆಗಲ್ವಾ?" ಎಂದು ಅತಿಬುದ್ಧಿ ಉಪಯೋಗಿಸಿದೆ.

ಚಿಕ್ಕಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಾವು ಆಲೂಗಡ್ಡೆ ಬಿಟ್ಟಿದ್ದು ಯಾಕೆ ರಾಮಶೇಷಯ್ಯನೋರೇ? ಹೊರಗಿಂದು ಅಂತ ತಾನೇ? ಅದು ಅವರ ಕಡೇ ಬೆಳೆ. ಅವರಿಗೆ ಅದು ಹೊರಗಿಂದು ಹೆಂಗಾಗುತ್ತೆ? ಹಂಗೆ ನೋಡಿದ್ರೆ ಆ ಪುಣ್ಯಾತ್ಮನಿಗೆ ನಾವು ತಿಥಿಗೆ ಹಾಕೋ ಹಾಗಲಕಾಯೇ ಆಗಬಾರದು!"

"ಶಾಸ್ತ್ರದಲ್ಲಿ..."

"ತಿನ್ನೋರು ಅವರು. ನಿಮ್ಮ ಬಾಯಿರುಚಿ ಯಾರು ಕೇಳಿದ್ರು?"

ರಾಮಶೇಷಯ್ಯ ಶಲ್ಯ ಕೊಡವಿ ಎದ್ದು ಹೋದರು.

ದಶಮಿಯ ದಿನ ಚಿಕ್ಕಮ್ಮ ಮಡಿಯುಟ್ಟು ಅಡುಗೆ ಮಾಡಿದರು. ಹೆಸರುಬೇಳೆ ತೊವ್ವೆ, ಕರಿಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಎಲ್ಲ ಪದ್ಧತಿ ಪ್ರಕಾರ. ಎಲೆಯ ನಡುವೆ ಬೆಣ್ಣೆ ಕರಗುತ್ತಿದ್ದ ಆಲೂಗಡ್ಡೆ. ಹಿಸುಕಿದ್ದು ಸೂಸನ್. ತಮ್ಮ ಮಡಿ ಅಡುಗೆಮನೆಗೆ ಮನೆಯ ಮಕ್ಕಳನ್ನೇ ಬಿಡದ ಹೆಂಗಸು ಅವಳಿಗೆ ಸ್ನಾನ ಮಾಡಿಸಿ, ಒದ್ದೆ ಸೀರೆ ಸುತ್ತಿ, ಕೈಗೆ ಪಾತ್ರೆ ಕೊಟ್ಟು, "ನಿಮ್ಮಪ್ಪ ಹೆಂಗೆ ಮಾಡ್ತಿದ್ರೋ ಹಂಗೇ ಮಾಡು" ಎಂದರು. ಅವಳು ಅಳುತ್ತಲೇ ಹಿಸುಕಿದಳು. ಎಲೆಯನ್ನು ತಾರಸಿಯಲ್ಲಿಟ್ಟು ಕಾದೆವು. ಕಾಗೆ ಬಂತು. ಮೊದಲು ಯಾವುದಕ್ಕೆ ಬಾಯಿ ಹಾಕಿತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ನಂಬುವುದಿಲ್ಲ.

ಸೂಸನ್ ಶಾಸನದ ಕೆಲಸ ಪೂರ್ತಿ ಮುಗಿಸಿಕೊಂಡು ಹೋದಳು. ಬಂದಾಗಿನದಕ್ಕಿಂತ ದಪ್ಪಗಾಗಿದ್ದಳು, ಅದು ನಮ್ಮ ಮನೆಯ ಹೆಮ್ಮೆ.

ಆದರೆ ಊರು ಸುಮ್ಮನಿರುತ್ತದೆಯೇ? ವಿಷಯ ಬೀದಿ ಬೀದಿ ಸುತ್ತಿತು. ಒಂದು ಮನೆಯವರು "ಈ ಸಲ ಬೇರೆಯವರಿಗೆ ಹೇಳಿದೀವಿ" ಎಂದು ಹೇಳಿ ಕಳಿಸಿದರು. ಇನ್ನೊಂದು ಮನೆಯವರು ಹೇಳಿಯೂ ಕಳಿಸಲಿಲ್ಲ. ಮೂರು ವಾರ ಚಿಕ್ಕಮ್ಮ ಯಾರ ಮನೆಯಲ್ಲೂ ಸೌಟು ಹಿಡಿಯಲಿಲ್ಲ. ನನಗೆ ಹೊಟ್ಟೆ ಉರಿಯಿತು. ನಿಮಗೆ ಬೇಜಾರಿಲ್ಲವೇ ಎಂದು ಕೇಳಿದರೆ, "ಬೇಜಾರು ಇಲ್ದೇ ಇರುತ್ತಾ? ಇದೆ. ಆದ್ರೆ ನಾಳೆ ಇನ್ನೊಂದು ಮಗು ಬಂದು ಕೇಳಿದ್ರೂ ಅದೇ ಮಾಡ್ತೀನಿ" ಎಂದರು. ಅರವತ್ತೆರಡು ವರ್ಷದ ಹೆಂಗಸು, ಇದ್ದ ಒಂದೇ ಆಸ್ತಿಯನ್ನು ಯಾರದೋ ಅಪ್ಪನ ಎಲೆಗೆ ಬಡಿಸಿ ಕೂತಿದ್ದರು. ಇಂಥವರ ಕೈಯಡುಗೆ ನಾನು ಉಣ್ಣುತ್ತೇನೆ ಎಂದು ಎದೆಯುಬ್ಬಿಸಿದರೆ, ಓದುಗರೇ, ಈ ಸಲವಾದರೂ ನಗಬೇಡಿ.

ಮೊನ್ನೆ ಬೆಳಿಗ್ಗೆ ರಾಮಶೇಷಯ್ಯ ಬಂದರು. ಕೂರಲಿಲ್ಲ. ಕಂಬ ಹಿಡಿದುಕೊಂಡು, "ಗುರುವಾರ ನಮ್ಮ ತಾಯಿ ತಿಥಿ. ನೀವೇ ಬರಬೇಕು" ಎಂದರು. ಚಿಕ್ಕಮ್ಮ ತಲೆಯಾಡಿಸಿದರು. ಅವರು ಹೋಗಲಿಲ್ಲ. ಬಾಗಿಲ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದರು.

"ನಮ್ಮಮ್ಮನಿಗೆ ಟೊಮ್ಯಾಟೊ ಗೊಜ್ಜು ಅಂದ್ರೆ ಪ್ರಾಣ ಜಾನಕಮ್ಮ. ಹೋಗಿ ಮೂವತ್ತು ವರ್ಷ ಆಯ್ತು. ಒಂದು ಸಲನೂ ಬಡಿಸಿಲ್ಲ."

ಚಿಕ್ಕಮ್ಮ ನಗಲಿಲ್ಲ, ಹಂಗಿಸಲಿಲ್ಲ.

"ಹಣ್ಣು ನೀವು ತರ್ತೀರೋ, ನಾನೇ ತರಿಸ್ಲೋ?"