ಒಂದು ಎಸಳು ಕಮ್ಮಿ

ಅನ್ನ ಬೆಂದಾಗ ಕರೆಂಟು ಕುಕ್ಕರಿನ ಗುಂಡಿ ಟಕ್ಕೆಂದು ಮೇಲಕ್ಕೆ ಚಿಮ್ಮುತ್ತದಲ್ಲ, ಆ ಸದ್ದಿಗೆ ನಾನು ಇವತ್ತಿಗೂ ಬೆಚ್ಚುತ್ತೇನೆ. ಕೆ.ಆರ್. ಪೇಟೆಯ ಈ ಸಣ್ಣ ಅಡುಗೆಮನೆಯಲ್ಲಿ ಅನ್ನದ ಆವಿಯ ನಡುವೆ ಒಂದು ಗಳಿಗೆ ತೇಗದ ಹೊಟ್ಟಿನ ವಾಸನೆ ಸುಳಿಯುತ್ತದೆ, ಮರ ಅಂಟಿಸಲು ಕಾಯಿಸಿದ ಸರೇಸಿನ ನಾತ ಬರುತ್ತದೆ. ಅದರ ಬೆನ್ನಿಗೇ, ಯಾರೋ ನೋಡಬಾರದ್ದನ್ನು ನೋಡಿಬಿಟ್ಟರೇನೋ ಎಂಬಂತೆ, ನನ್ನ ಮುಖ ಬಿಸಿಯಾಗುತ್ತದೆ. ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಟೇಪ್‌ರೆಕಾರ್ಡರಿನ ಗುಂಡಿಯೂ ಹೀಗೆಯೇ ಚಿಮ್ಮುತ್ತಿತ್ತು. ನೀವೂ ಆ ಯಂತ್ರವನ್ನು ಬಳಸಿದವರಾಗಿದ್ದರೆ ಆ ಸದ್ದು ನಿಮ್ಮ ಕಿವಿಯಲ್ಲೂ ಉಳಿದಿರಬಹುದು. ನಮ್ಮ ಮನೆಯಲ್ಲಿ ಇಬ್ಬರ ಸ್ನೇಹ ಆ ಸದ್ದಿನ ಸುತ್ತ ಬೆಳೆದಿತ್ತು, ಅದರಿಂದಲೇ ಮುರಿಯಿತು.

ಪಾಂಡವಪುರದ ನಮ್ಮ ಮನೆ ಈಗಿಲ್ಲ. ರಸ್ತೆಗೆ ಮುಖ ಮಾಡಿದ್ದ ಹೆಂಚಿನ ಕೊಟ್ಟಿಗೆಯೇ ನಮ್ಮ ಮರಗೆಲಸದ ಜಾಗ; ಹಿಂದೆ ಎರಡು ಕೋಣೆ, ಒಂದು ನಡುಮನೆ, ಅಜ್ಜಿಯ ಬೈಗುಳ ಸದಾ ಕೇಳುತ್ತಿದ್ದ ಬಚ್ಚಲು. ಅಪ್ಪ ಗಾಡಿ, ನೇಗಿಲು, ಕಿಟಕಿ ಎಂದು ಒರಟು ಕೆಲಸ ನೋಡಿಕೊಂಡರೆ ಕೆತ್ತನೆಯೆಲ್ಲ ಚಿಕ್ಕಪ್ಪನದು. ಮದುವೆಯಾಗದ ಚಿಕ್ಕಪ್ಪ ತೊಟ್ಟಿಲು ಮಾಡುವುದರಲ್ಲಿ ಹೆಸರುವಾಸಿ. ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಉಳಿಯನ್ನು ಬೆರಳಿನಷ್ಟೇ ಹಗುರವಾಗಿ ಹಿಡಿದು ಹೂವಿನ ಮೇಲೆ ಹೂವು ಬಿಡಿಸುತ್ತಿದ್ದ. ಆದರೆ ಪ್ರತಿ ಕೆಲಸದಲ್ಲೂ ಎಲ್ಲಾದರೂ ಒಂದು ಹೂವಿಗೆ ಒಂದು ಎಸಳು ಕಮ್ಮಿ. ಆ ಜಾಗದಲ್ಲಿ ಗೀಟು ಎಳೆದು ಹಾಗೇ ಬಿಟ್ಟುಬಿಡುತ್ತಿದ್ದ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟ ಹಾಗೆ ಅದು ದೃಷ್ಟಿಗೆ. ತಾತ ಹಾಗೆ ಮಾಡುತ್ತಿದ್ದನಂತೆ, ತಾತನ ಅಪ್ಪನೂ ಹಾಗೆಯೇ. ಅರಿಯದ ಗಿರಾಕಿ ಯಾರಾದರೂ ಇದೊಂದು ಬಿಟ್ಟುಹೋಗಿದೆಯಲ್ಲ ಆಚಾರ್ರೇ ಎಂದರೆ ಚಿಕ್ಕಪ್ಪ ನಗುತ್ತ ಬೀಡಿ ಹಚ್ಚುತ್ತಿದ್ದ.

ಅವನ ಗೆಳೆಯ ಜವರಪ್ಪ ಮಾವ ಬೆಳಗೊಳದ ಒಕ್ಕಲಿಗರವನು, ನಾಲೆಗೆ ನೀರು ಬಿಡುವ ಸೌಡಿ. ಒಂದು ಕಾಲದಲ್ಲಿ ಕೆ.ಆರ್.ಎಸ್.ನಲ್ಲಿದ್ದ ಇಂಜಿನಿಯರೊಬ್ಬರ ಮನೆಗೆ ಅವನು ಹಾಲು ಕೊಡುತ್ತಿದ್ದ. ಅವರ ಮನೆಯಲ್ಲಿ ಗ್ರಾಮಫೋನು ಹಾಡುವ ವಿಚಿತ್ರ ಹಾಡುಗಳಿಗೆ ಹಾಲಿನ ಕ್ಯಾನು ಹಿಡಿದು ನಿಂತಲ್ಲೇ ಮರುಳಾದನಂತೆ. ಅವರಿಗೆ ವರ್ಗವಾದಾಗ ಅವನ್ನೆಲ್ಲ ಒಂದು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟರು. ಆ ಜಾತಿಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವರಿಬ್ಬರಿಗೆ ಅದರ ಹೆಸರೂ ಬೇಕಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ತಮ್ಮದೇ ಹೆಸರಿಟ್ಟುಕೊಂಡಿದ್ದರು. ಮೆಲ್ಲಗೆ ಶುರುವಾಗಿ ಆಮೇಲೆ ಭೋರ್ಗರೆಯುವುದು ತೂಬಿನ ಹಾಡು. ಡ್ರಮ್ಮಿನವನು ಒಂದೇ ಸಮನೆ ಕುಟ್ಟುವುದು ಕೊಡತಿ ಹಾಡು. ಭಾನುವಾರ ಮಧ್ಯಾಹ್ನ ಉಂಡು ಜವರಪ್ಪ ಮಾವ ಸೈಕಲ್ಲಿನಲ್ಲಿ ಬರುತ್ತಿದ್ದ. ಚಿಕ್ಕಪ್ಪ ಹಲಗೆ ಕೀಸುತ್ತ, ಅವನು ಹೊಟ್ಟಿನ ರಾಶಿಗೆ ಒರಗಿ, ಇಬ್ಬರೂ ಚಿಕ್ಕಪ್ಪನ ಟೇಪ್‌ರೆಕಾರ್ಡರಿನಲ್ಲಿ ಆ ಉದ್ದನೆಯ ಹಾಡುಗಳನ್ನು ಕೇಳುವರು. ನಡುವೆ ಮಾತು. ನಾಲ್ಕನೇ ಎಣಿಕೆಗೆ ಬೀಳಬೇಕಾದ ಡ್ರಮ್ಮಿನ ಏಟು ಏಳನೆಯದಕ್ಕೆ ಯಾಕೆ ಬೀಳುತ್ತದೆ ಎಂಬ ತಕರಾರು ಮುಗಿಯುವ ಮೊದಲೇ ಹಸು ಗಬ್ಬ ನಿಲ್ಲದ ಚಿಂತೆ, ಡೇರಿಯವನು ಹಾಲು ತೆಳು ಅಂದ ಸಿಟ್ಟು, ಕಬ್ಬು ಕಡಿಯಲು ಆಳು ಸಿಗದ ಪೇಚು. ಅಷ್ಟರಲ್ಲಿ ಆರ್ಗನ್ನು ಮೊಳಗಿದರೆ, “ತಡಿಲಾ, ಇದೊಂದು ಕೇಳ್ಕಂಬುಡಾನ” ಎಂದು ಇಬ್ಬರೂ ಗಪ್‌ಚಿಪ್ಪು. ಅಜ್ಜಿ ನಡುಮನೆಯಿಂದ, ದೆವ್ವ ಬಿಡಿಸೋರ ಮನೆ ಆಗೋಯ್ತು ಎಂದು ಗೊಣಗಿದರೂ ಅವರಿಬ್ಬರಿಗೂ ಟೀ ಮರೆಯುತ್ತಿರಲಿಲ್ಲ.

ಎಲ್ಲಕ್ಕಿಂತ ಮೆಚ್ಚಿನದು ಕ್ಯಾಸೆಟ್ಟಿನ ಎರಡನೇ ಬದಿಯ ಕೊನೆಯ ಹಾಡು. ಅದು ಏರುತ್ತ ಏರುತ್ತ ಹೋಗಿ, ಹಾಡುವವನು ದನಿಯನ್ನು ತುತ್ತತುದಿಗೆ ಒಯ್ದು, ಇನ್ನೇನು ಇಳಿಸಬೇಕು ಅನ್ನುವಷ್ಟರಲ್ಲಿ ಟಕ್. ಗುಂಡಿ ಚಿಮ್ಮುತ್ತಿತ್ತು. ಕೊಟ್ಟಿಗೆಯಲ್ಲಿ ಹೊಟ್ಟಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಚಿಕ್ಕಪ್ಪ ಅದಕ್ಕೆ ದಿಷ್ಟಿ ಹಾಡು ಎಂದು ಹೆಸರಿಟ್ಟಿದ್ದ. “ಅವ್ರೂ ಕಸುಬಿನೋರು ಕಣ್ಲಾ ಜವರ,” ಎನ್ನುತ್ತಿದ್ದ. “ಇಷ್ಟು ಸಂದಾಗಿ ಮಾಡಿದ್ ಮ್ಯಾಕೆ ದಿಷ್ಟಿ ಆಯ್ತದೆ ಅಂತ ಬೇಕು ಅಂತ್ಲೇ ಅಂಗೇ ಬುಟ್ಟವ್ರೆ. ಒಂದು ಎಸಳು ಕಮ್ಮಿ.” ಎಲ್ಲೋ ಸಮುದ್ರದಾಚೆಯವರು ತನ್ನ ತಾತನ ಕಟ್ಟುಪಾಡನ್ನೇ ಪಾಲಿಸುತ್ತಾರೆಂಬ ಹೆಮ್ಮೆ ಅವನ ಮುಖದಲ್ಲಿ ಕಾಣುತ್ತಿತ್ತು. ಜವರಪ್ಪ ಮಾವ ತಲೆ ತಗ್ಗಿಸಿ ಹೊಟ್ಟು ಕೆದಕುತ್ತ, “ಊಂ ಕಣ್ಲಾ ಆಚಾರಿ” ಎನ್ನುತ್ತಿದ್ದ.

ಆಯುಧಪೂಜೆಯ ದಿನ ನಮ್ಮಲ್ಲಿ ಉಳಿ, ಗರಗಸ, ಕೊಡತಿ ಎಲ್ಲವನ್ನೂ ತೊಳೆದು ವಿಭೂತಿ ಬಳಿದು ಸಾಲಾಗಿ ಇಡುತ್ತಿದ್ದರು. ಅವತ್ತು ಅವಕ್ಕೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ಆ ಸಾಲಿನ ಕೊನೆಗೆ ಟೇಪ್‌ರೆಕಾರ್ಡರೂ ಕುಂಕುಮ ಇಟ್ಟುಕೊಂಡು ಕೂರುತ್ತಿತ್ತು. ಅದಕ್ಕೆ ಮಾತ್ರ ವಿಶ್ರಾಂತಿ ಇರಲಿಲ್ಲ. ಅಕ್ಕನ ಮದುವೆಯಾದ ವರ್ಷ, ನಾಗಮಂಗಲದಿಂದ ಭಾವ ಮೊದಲ ಹಬ್ಬಕ್ಕೆ ಬಂದಿದ್ದರು. ನೆಂಟರೆಲ್ಲ, ಅವರ ನಡುವೆ ಜವರಪ್ಪ ಮಾವನೂ, ಕೊಟ್ಟಿಗೆಯಲ್ಲಿ ಕಡ್ಲೆಪುರಿ ತಿನ್ನುತ್ತಿದ್ದರು. ಚಿಕ್ಕಪ್ಪ ಹೊಸ ಅಳಿಯನಿಗೆ ದಿಷ್ಟಿ ಹಾಡು ಕೇಳಿಸಿ, ಗುಂಡಿ ಚಿಮ್ಮಿದ ಮೇಲೆ ತನ್ನ ವಿವರಣೆಯನ್ನೂ ಕೊಟ್ಟ. ಭಾವ ಮೈಸೂರಿನಲ್ಲಿ ಓದುವಾಗ ಅದೇ ಹಾಡು ಕೇಳಿದವರು. ಈ ಮನೆಯಲ್ಲಿ ಅದು ಸಿಕ್ಕಿದ ಖುಷಿಯಲ್ಲಿ, ಕೆಟ್ಟ ಮನಸ್ಸಿಲ್ಲದೆಯೇ, “ಅಯ್ಯೋ ಇಲ್ಲ ಮಾವ, ಟೇಪು ಸಾಲ್ದೆ ನಿಂತೋಗಿದೆ ಅಷ್ಟೆ. ಹಾಡು ಇನ್ನೂ ಅಷ್ಟುದ್ದ ಇದೆ” ಎಂದರು. ಯಾರೋ ಕಿಸಕ್ಕೆಂದರು. ಆಮೇಲೆ ಕೊಟ್ಟಿಗೆಯ ತುಂಬ ನಗು. ಅಪ್ಪನೂ ನಕ್ಕ. ಚಿಕ್ಕಪ್ಪನೂ ನಗಲು ನೋಡಿದ, ಆಗಲಿಲ್ಲ. ಆಸರೆಗೆಂಬಂತೆ ಗೆಳೆಯನ ಕಡೆ ತಿರುಗಿದ. ಜವರಪ್ಪ ಮಾವನ ತಲೆ ಎದೆಗೆ ತಾಗುವಷ್ಟು ಬಗ್ಗಿತ್ತು. “ನಿಂಗೆ ಗೊತ್ತಿತ್ತೇನ್ಲಾ?” ಎಂದು ಚಿಕ್ಕಪ್ಪ ಕೇಳಿದ. ಜವರಪ್ಪ ಮಾವ ಬಾಗಿಲ ಕಡೆ ನಡೆದ. ನನಗೂ ಅಲ್ಲಿಂದ ಎದ್ದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿಸಿತು.

ಮುಂದಿನ ಭಾನುವಾರ ಜವರಪ್ಪ ಮಾವ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಅಜ್ಜಿ ಎರಡು ಲೋಟ ಟೀ ಕಾಯಿಸಿ ಒಂದನ್ನು ತಾನೇ ಕುಡಿದಳು. “ಓಗಿ ಕರ್ಕಂಬಾ ಓಗೊ” ಎಂದು ಮಗನನ್ನು ಬೈದಳು. ಚಿಕ್ಕಪ್ಪ ಹಲಗೆಯಿಂದ ಕಣ್ಣೆತ್ತದೆ, “ಯಾವ ಮಕ ಇಟ್ಕಂಡ್ ಓಗ್ಲವ್ವ? ಇಷ್ಟು ವರ್ಸ ಅವ್ನ ಮುಂದೆ ಪೆದ್ದನಂಗೆ ಒದರ್ತಾ ಕುಂತಿದ್ನಲ್ಲ” ಎಂದ. ಟೇಪ್‌ರೆಕಾರ್ಡರು ಅಟ್ಟ ಸೇರಿತು. ಆ ಹಬ್ಬದ ನಂತರ ಅವನು ಕೆತ್ತಿದ ಹೂವುಗಳಲ್ಲಿ ಎಸಳೆಲ್ಲ ಪೂರ್ತಿ ಇರುತ್ತಿದ್ದವು. ಗಿರಾಕಿಗಳು ಕೆಲಸ ಇನ್ನೂ ಚೆನ್ನಾಗಿದೆ ಎಂದು ಹೊಗಳಿದರು. ಪಂಚೆ ಕಳಚಿ ನಿಂತವನನ್ನು ನೋಡಿದ ಹಾಗೆ, ಆ ತುಂಬಿದ ಹೂವುಗಳನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಅಜ್ಜಿ ಹೋದಳು, ಅಪ್ಪ ಹೋದ. ರಸ್ತೆ ಅಗಲವಾದಾಗ ಕೊಟ್ಟಿಗೆ ಹೋಯಿತು, ಉಳಿದ ಕೋಣೆಗಳನ್ನು ಮಾರಿದೆವು. ಚಿಕ್ಕಪ್ಪ ಅದೇ ಊರಿನ ನನ್ನ ತಮ್ಮನ ಬಾಡಿಗೆ ಮನೆಯಲ್ಲಿದ್ದ. ಈಗ ನನ್ನ ಫೋನಿನಲ್ಲಿ ಅಂಥ ಹಾಡುಗಳ ಹುಚ್ಚಿರುವವರ ಒಂದು ಗುಂಪಿದೆ. ಯಾವ ಹಾಡಿನ ಯಾವ ಗಿಟಾರು ಮೇಲು ಎಂಬ ಜಗಳದ ನಡುವೆ ಮಗುವಿನ ಜ್ವರ, ಗ್ಯಾಸು ಬಾರದ್ದು, ಅತ್ತೆಯ ಮಂಡಿನೋವು. ಓದುತ್ತಿದ್ದರೆ ಹೊಟ್ಟಿನ ರಾಶಿಗೆ ಒರಗಿ ಕೂತಂತೆಯೇ ಇರುತ್ತದೆ. ಹೋದ ವರ್ಷ ಅಲ್ಲಿ ದಿಷ್ಟಿ ಹಾಡಿನ ರಾಗವನ್ನು ಗುನುಗಿ ಕಳಿಸಿದೆ. ಯಾರೋ ಪುಣ್ಯಾತ್ಮರು ಗುರುತು ಹಿಡಿದು ಪೂರ್ತಿ ಹಾಡು ಕಳಿಸಿದರು. ನಾನೊಬ್ಬಳೇ ಕೇಳುವುದು ತಪ್ಪೆನಿಸಿ ಚಿಕ್ಕಪ್ಪನ ಹತ್ತಿರ ಒಯ್ದೆ. ಆಗ ಅವನಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದವನು ಆ ತುದಿ ಬರುತ್ತಲೇ ಕೈ ಎತ್ತಿದ. ನಿಲ್ಲಿಸಿದೆ. “ಮುಂದ್ಕಿರಾದ್ನ ಜವರನ್ ಜೊತೆ ಕೇಳ್ಬೇಕಿತ್ತು ಕಣ್ ಮಗ” ಎಂದ. ಕರೆಸಲಾ ಎಂದೆ. ಗೋಡೆಯ ಕಡೆ ಹೊರಳಿಕೊಂಡ. ಅದಾಗಿ ಹೆಚ್ಚು ದಿನ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಬೆಳಗೊಳಕ್ಕೆ ಹೋದೆ. ಜವರಪ್ಪ ಮಾವ ಜಗುಲಿಯಲ್ಲಿ ಕೂತಿದ್ದ. ಬೆನ್ನು ಬಾಗಿತ್ತು, ಆದರೆ ಗುರುತು ಹಿಡಿದ. ಅವನ ಹಿಂದಿದ್ದ ತಲೆಬಾಗಿಲು ಚಿಕ್ಕಪ್ಪನ ಹಳೆಯ ಕೈಕೆಲಸ. ಮೇಲಿನ ಪಟ್ಟಿಯ ನಡು ಹೂವಿಗೆ ಒಂದು ಎಸಳು ಕಮ್ಮಿಯಿತ್ತು. “ಅವ್ನ ಮಣ್ಣಿಗೆ ಬಂದಿದ್ದೆ ಕಣವ್ವ,” ಎಂದ ನಾನು ಕೇಳುವ ಮೊದಲೇ. “ಪಾಂಡುಪುರದ ಬಸ್ಟ್ಯಾಂಡ್ ಗಂಟ. ಅಲ್ಲಿಂದ ಕಾಲು ಬರ್ನಿಲ್ಲ. ಯಾವ ಮಕ ಇಟ್ಕಂಡ್ ಬರ್ಲಿ? ಟೇಪು ಸಾಲ್ದು ಅಂತ ಆ ಇಂಜಿನಿಯರು ಅವತ್ತೇ ಏಳಿದ್ರು. ನಿಮ್ ಚಿಕ್ಕಪ್ಪ ಎಸಳು ಅಂದ್ಬುಟ್ಟ. ಅವ್ನ ಮಕ ನೋಡಿ ಬಾಯೇ ಬರ್ನಿಲ್ಲ ನಂಗೆ.” ಚಿಕ್ಕಪ್ಪನ ಕೊನೆಯ ಮಾತನ್ನು ಹೇಳಿ, ಪೂರ್ತಿ ಹಾಡು ನನ್ನ ಫೋನಿನಲ್ಲಿದೆ ಎಂದೆ. ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ, “ಆ ಹಾಡು ಆಕವ್ವ” ಎಂದ.

ಫೋನನ್ನು ನಮ್ಮಿಬ್ಬರ ನಡುವೆ ಇಟ್ಟೆ. ಆ ತುದಿ ಬಂತು. ಇಬ್ಬರೂ ಟಕ್ಕೆನ್ನುವುದಕ್ಕೆ ಕಾದೆವು, ಹಾಡು ಮುಂದೆ ಹೋಯಿತು. ಆ ದನಿ ಮೇಲಿನಿಂದ ನಿಧಾನವಾಗಿ ಇಳಿದು, ಮೊದಲಿನ ರಾಗವನ್ನೇ ಇನ್ನೊಮ್ಮೆ ಮುಟ್ಟಿ, ಕತ್ತಲಾಗುವಾಗ ಮನೆಗೆ ಮರಳುವ ದನಗಳ ಗಂಟೆಯ ಹಾಗೆ ದೂರವಾಗುತ್ತ ಹೋಯಿತು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಕೇಳಿದ ಭಾಗಕ್ಕಿಂತ, ಕೇಳದೆ ಉಳಿದಿದ್ದ ಈ ಭಾಗವೇ ಚೆಂದವಿತ್ತು. ಜವರಪ್ಪ ಮಾವ ಬಾಗಿಲ ಮೇಲಿನ ಆ ಹೂವನ್ನು ದಿಟ್ಟಿಸುತ್ತ, “ಆಚಾರಿ ಏಳಿದ್ದೇ ಸರಿ ಕಣವ್ವ. ಅಲ್ಗೇ ನಿಲ್ಲುಸ್ಬೇಕಿತ್ತು. ಮುಂದ್ಕೆ ಏನೂ ಇಲ್ಲ” ಎಂದ. ಹೌದಲ್ಲವಾ ಎಂಬಂತೆ ನನ್ನ ಮುಖ ನೋಡಿದ.

ನಾನು ತಲೆ ತಗ್ಗಿಸಿ, “ಹೂಂ ಮಾವ” ಎಂದೆ.