ಫೋನಿಗೂ ದೃಷ್ಟಿ ತೆಗೆದ ಅಜ್ಜಿ

ಪಕ್ಕದ ಮನೆಯ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದು, ಇವತ್ತು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನಮ್ಮೂರು ಹದಿನಾರಿನ ಮನೆಯ ಅಡುಗೆಮನೆ ನೆನಪಾಯಿತು.

ಆಗ ನಾನು ಹೈಸ್ಕೂಲು. ಭಾಷಣ ಮಾಡುವಾಗ ತೊದಲಿದ ನನ್ನ ವಿಡಿಯೊಗೆ ಯಾರೋ ಕುರಿ ಕೂಗುವ ಸದ್ದು ಸೇರಿಸಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅದು ಊರೆಲ್ಲ ಸುತ್ತಿತು. ಅಪ್ಪನ ಫೋನು ಟಿಂಗ್ ಎಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ, ಸ್ಕೂಲಿಗೆ ಹೋಗುವುದನ್ನೇ ಬಿಟ್ಟೆ.

ಅಜ್ಜಿಗೆ ವಾಟ್ಸಾಪ್ ಗೊತ್ತಿರಲಿಲ್ಲ. “ಅಷ್ಟು ಜನ ನೋಡವ್ರೆ ಅಂದ್ಮೇಲೆ ದೃಷ್ಟಿ ಆಗ್ದೆ ಇರ್ತದಾ?” ಎನ್ನುತ್ತಾ ಉಪ್ಪು, ಮೆಣಸಿನಕಾಯಿಯನ್ನು ನನಗೆ ನಿವಾಳಿಸಿ, ಫೋನಿಗೂ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಾರದಿದ್ದರೆ ಕೆಟ್ಟ ಕಣ್ಣು ಬಿದ್ದಿದೆ ಎಂದು ನಮ್ಮ ಕಡೆ ನಂಬಿಕೆ. ಅವತ್ತು ಮನೆಯೆಲ್ಲ ಘಾಟು. ಅಜ್ಜಿ ಮೂಗಿಗೆ ಸೆರಗು ಹಿಡಿದು ಕೆಮ್ಮುತ್ತಲೇ ಅಂದಳು, “ನೋಡ್ದಾ ಮಗ, ಒಸಿನೂ ಘಾಟಿಲ್ಲ. ನೋಡಿ ನಕ್ಕೋರ್ದು ತಪ್ಪು ಕಣವ್ವ, ನಿಂದಲ್ಲ.”

ಎಷ್ಟೋ ದಿನಗಳ ಮೇಲೆ ನಕ್ಕೆ. ಟಿಂಗ್ ಎಂದರೆ ಈಗಲೂ ಒಮ್ಮೊಮ್ಮೆ ಎದೆ ಝಲ್ಲೆನ್ನುತ್ತದೆ. ಆದರೆ ನಾಚಿಕೆ ಮಾತ್ರ ಅಂದೇ ಒಲೆಗೆ ಬಿತ್ತು.

ಅಜ್ಜಿ ಈಗಿಲ್ಲ. ಪಕ್ಕದ ಮನೆಯ ಅಕ್ಕ ಕಿಟಕಿಯಿಂದ, “ಘಾಟು ಜಾಸ್ತಿ ಆಯ್ತೇನವ್ವಾ?” ಎಂದರು.

“ಒಸಿನೂ ಇಲ್ಲ ಕಣಕ್ಕ” ಎಂದೆ, ಕೆಮ್ಮುತ್ತಲೇ.