ತನ್ನದೇ ಗಡ್ಡೆಯ ಲಸಿಕೆ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಅವರಿಗೆ ಕಂಡಕ್ಟರುಗಳು ಇಟ್ಟ ಹೆಸರು ಹದ್ದಪ್ಪ. ದೂರದ ನಿಲ್ದಾಣದಲ್ಲಿ ಅವರು ಕಂಡರೆ ಸಾಕು, ಟಿಕೆಟ್ ಇದ್ದವರೂ ಜೇಬು ತಡಕಿಕೊಳ್ಳುತ್ತಿದ್ದರು. ಒಮ್ಮೆ ಸ್ವಂತ ಭಾವಮೈದುನನನ್ನೇ ನಡುದಾರಿಯಲ್ಲಿ ಇಳಿಸಿ ಬಂದು, ಹೆಂಡತಿ ಬಹಳ ದಿನ ಮಾತು ಬಿಡುವಂತೆ ಮಾಡಿಕೊಂಡಿದ್ದರು. ನಿವೃತ್ತಿಯಾದರೂ ಗುಣ ನಿವೃತ್ತಿಯಾಗಲಿಲ್ಲ. ಹಾಲಿನ ಲೋಟವನ್ನು ಬೆಳಕಿಗೆ ಹಿಡಿದು ನೋಡುವರು. ಫೋನಿನಲ್ಲಿ ಹೆಂಡತಿಯ ದನಿ ತಗ್ಗಿದರೆ ಕಿವಿ ನಿಮಿರಿಸುವರು.

ಅಂಥವರಿಗೆ ಮೂತ್ರದಲ್ಲಿ ರಕ್ತ ಕಂಡಿತು. ಮೊದಲ ವರದಿ ನಂಬದೆ ಇನ್ನೊಂದು ಕಡೆ ಪರೀಕ್ಷೆ ಮಾಡಿಸಿದರು. ಎರಡೂ ಕಡೆ ಒಂದೇ ಮಾತು: ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ, ಶ್ವಾಸಕೋಶದಲ್ಲಿ ಎರಡು ಸಣ್ಣ ಚುಕ್ಕೆ.

ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೊಸ ಪ್ರಯೋಗವೊಂದರ ವಿಷಯ ಹೇಳಿದರು. ತೆಗೆದ ಗಡ್ಡೆಯ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಅವುಗಳೊಳಗೆ ಹೊಸ ಜೀನ್ ಒಂದನ್ನು ಸೇರಿಸಿ, ಮುಂದೆ ಬೆಳೆಯದಂತೆ ವಿಕಿರಣ ಹಾಯಿಸಿ, ಅವನ್ನೇ ಲಸಿಕೆಯಾಗಿ ಚುಚ್ಚುವುದು.

ಹದ್ದಪ್ಪನವರ ಹುಬ್ಬು ಮೇಲೇರಿತು. "ಅಲ್ಲಮ್ಮಾ, ಕಳ್ಳನ್ನ ಬಸ್ಸಿಂದ ಇಳಿಸಿ ಮತ್ತೆ ನೀವೇ ಕೈಹಿಡಿದು ಹತ್ತಿಸ್ತೀರಾ?"

"ಕೈಕಾಲು ಕಟ್ಟಿ ಹತ್ತಿಸ್ತೀವಿ ಸಾರ್. ಆ ಜೀನ್ ನಿಮ್ಮ ಮೈಯ ಕಾವಲಿನ ಕೋಶಗಳನ್ನ ಕೂಗಿ ಕರೆಯುತ್ತೆ. ಅವು ಬಂದು ಕಳ್ಳನ ಗುರುತು ಹಿಡಿದ್ರೆ, ಶ್ವಾಸಕೋಶದಲ್ಲಿ ಅಡಗಿರೋ ಅವನ ತಮ್ಮಂದಿರನ್ನೂ ಹಿಡೀಬಹುದು."

"ಹಿಡೀಬಹುದು ಅಂತೀರಿ. ಹಿಡಿಯುತ್ತೆ ಅನ್ನಲ್ಲ."

"ಗೊತ್ತಿದ್ದಿದ್ರೆ ಪ್ರಯೋಗ ಯಾಕೆ ಮಾಡ್ತಿದ್ವಿ?"

ಇಷ್ಟು ನೇರವಾಗಿ ಮಾತಾಡುವವರು ಏನೋ ಮುಚ್ಚಿಡುತ್ತಿರಬೇಕು ಎಂದುಕೊಂಡೇ ಅವರು ಒಪ್ಪಿದರು.

ಆಪರೇಷನ್ನಿನ ಗಾಯ ಮಾಗಿದ ಮೇಲೆ ಮೊದಲ ಸೂಜಿ. ಸೀಸೆಯ ಮೇಲಿನ ಹೆಸರನ್ನು ಕನ್ನಡಕ ಹಾಕಿಕೊಂಡು ಓದಿ, ನರ್ಸಿನ ಬಾಯಲ್ಲೂ ಓದಿಸಿ, ಆಮೇಲೆಯೇ ತೋಳು ಕೊಟ್ಟರು. ಮಾರನೆಯ ದಿನ ತೋಳು ಕೆಂಪಗೆ ಊದಿಕೊಂಡು ತುರಿಸತೊಡಗಿತು. ನರ್ಸ್ ಒಳ್ಳೆಯ ಲಕ್ಷಣವೆಂದಳು. "ಉರಿ ನಂದು, ಖುಷಿ ಇವಳಿಗೆ," ಎಂದು ಗೊಣಗಿದರು. ಎರಡನೆಯ ಸಲವೂ ಹಾಗೇ ಆಯಿತು.

ಮೂರನೆಯ ಸಲ ತೋಳು ಕೆಂಪಾಗಲೇ ಇಲ್ಲ. ಸೂಜಿ ಹಾಕಿಸಿಕೊಂಡ ದಿನವೇ ಆಸ್ಪತ್ರೆಯ ಮೊಗಸಾಲೆಯಲ್ಲಿ ಹೆಂಡತಿಯೂ ಡಾಕ್ಟರಮ್ಮನೂ ಪಿಸುಗುಡುತ್ತಿದ್ದವರು ಇವರನ್ನು ಕಂಡು ಸುಮ್ಮನಾಗಿದ್ದರು. ಮನೆಗೆ ಬಂದ ಮೇಲೆ ಹೆಂಡತಿ ಬಚ್ಚಲಲ್ಲಿ ಮುಖ ತೊಳೆದರು, ಬಂದರು, ಮತ್ತೆ ಹೋಗಿ ತೊಳೆದರು. ಸೀಸೆಯಲ್ಲಿದ್ದದ್ದು ಬರೀ ಉಪ್ಪುನೀರು ಎಂದು ಹದ್ದಪ್ಪ ತೀರ್ಮಾನಿಸಿಬಿಟ್ಟರು. ತನ್ನ ಕಥೆ ಮುಗಿದಿದೆ, ಸಮಾಧಾನಕ್ಕೆ ಚುಚ್ಚುತ್ತಿದ್ದಾರೆ. ಯಾರಲ್ಲೂ ಬಾಯಿಬಿಡಲಿಲ್ಲ. ಊಟ ಅರ್ಧಕ್ಕೇ ಬಿಡತೊಡಗಿದರು.

ಮುಂದಿನ ಸಲ ಅಂಗಿಯ ತೋಳು ಮಡಚಲೇ ಇಲ್ಲ. "ಸೀಸೇಲಿ ಏನಿದೆ, ಮೊದಲು ಅದು ಹೇಳಿ."

ಡಾಕ್ಟರಮ್ಮ ಹೆಂಡತಿಯ ಕಡೆ ನೋಡಿದರು. ಹೆಂಡತಿಯ ಕಣ್ಣು ತುಂಬಿತು. "ನಾನೇ ಹೇಳ್ಬೇಡಿ ಅಂದಿದ್ದೆ ಕಣ್ರೀ. ನಿಮ್ಮ ಕೋಶಗಳು ಲ್ಯಾಬಲ್ಲಿ ಸರಿಯಾಗಿ ಬೆಳೀಲಿಲ್ವಂತೆ. ಹೋದ ಸಲ ಕಡಿಮೆ ಹಾಕಿದ್ರು. ಇದೇ ಕೊನೇದು. ನೀವು ಎದೆಗುಂದ್ತೀರಿ ಅಂತ..."

"ನಿಮಗೇ ಮೊದಲು ಹೇಳ್ಬೇಕಿತ್ತು. ತಪ್ಪು ನಂದು," ಎಂದರು ಡಾಕ್ಟರಮ್ಮ.

ಜೀವಮಾನದಲ್ಲಿ ಯಾರನ್ನೂ ಇಷ್ಟು ಸರಿಯಾಗಿ ಹಿಡಿದಿರಲಿಲ್ಲ ಹದ್ದಪ್ಪ. ಆದರೆ ಹಿಡಿದ ಸಂತೋಷ ಹುಟ್ಟಲಿಲ್ಲ. ಇಷ್ಟು ದಿನ ಇವಳೊಬ್ಬಳೇ ಇದನ್ನು ಹೊತ್ತುಕೊಂಡು ಅಡುಗೆ ಮಾಡಿದಳಲ್ಲ ಎನಿಸಿತು.

"ನನ್ನ ಮೈಯಿಂದ ಬಂದವು ತಾನೇ," ಎಂದರು, "ಹೇಳಿದ ಮಾತು ಕೇಳ್ತಾವಾ?" ಅಂಗಿಯ ತೋಳು ಮಡಚಿದರು. ಸೀಸೆಯ ಹೆಸರನ್ನು ಮಾತ್ರ ಓದದೆ ಬಿಡಲಿಲ್ಲ.

ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ಶ್ವಾಸಕೋಶದ ಒಂದು ಚುಕ್ಕೆ ಕಾಣಲಿಲ್ಲ. ಇನ್ನೊಂದು ಇದ್ದ ಹಾಗೇ ಇತ್ತು.

"ಲಸಿಕೆಯಿಂದಲಾ?"

"ನಿಮ್ಮೊಬ್ಬರನ್ನ ನೋಡಿ ಹೇಳಕ್ಕಾಗಲ್ಲ ಸಾರ್. ಗಡ್ಡೆ ತೆಗೆದ ಮೇಲೆ ಅಪರೂಪಕ್ಕೆ ತಾನಾಗೇ ಕರಗೋದೂ ಉಂಟು. ಉಳಿದಿದ್ದನ್ನ ನೋಡ್ತಾ ಇರೋಣ."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಹೆಂಡತಿಗೆ ಹೇಳಿದರು: "ಇನ್ಮೇಲೆ ಏನಿದ್ರೂ ನನ್ನ ಮುಂದೇನೇ ಹೇಳು."

"ಹೇಳಿದ್ರೆ ನಂಬ್ತೀರಾ?"

"ಅದು ಬೇರೆ ವಿಷಯ," ಎಂದರು ಹದ್ದಪ್ಪ.